ಇನ್ಸುಲಿನ್ ವಯಲ್ 40ರದ್ದು, ಕೈಗೆ ಸಿಕ್ಕ ಸಿರಿಂಜ್ 100ರದ್ದು: ಲೆಕ್ಕ ಹಾಕಿ ಕೊಡಬಹುದಾ?

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಸೆಕೆಂಡ್ ಇಯರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೆಡಿಕಲ್ ವಾರ್ಡ್ ಪೋಸ್ಟಿಂಗ್ ಶುರುವಾಗಿದೆ. ಇನ್ಸುಲಿನ್ ವಿಷಯಕ್ಕೆ ಬಂದರೆ ಪುಸ್ತಕ ಒಂದು ಹೇಳುತ್ತೆ, ವಾರ್ಡಿನ ಟ್ರೇ ಇನ್ನೊಂದು ಹೇಳುತ್ತೆ. ಮೂರು ಡೌಟ್ ಇವೆ.

1. ವಯಲ್ ಮೇಲೆ 40 ಐಯು/ಮಿ.ಲೀ. (ಒಂದು ಮಿ.ಲೀ.ಗೆ 40 ಯೂನಿಟ್) ಅಂತಿದೆ. ಟ್ರೇಯಲ್ಲಿ ಕೆಂಪು ಕ್ಯಾಪ್‌ನ ಸಿರಿಂಜೂ ಇದೆ, ಕಿತ್ತಳೆ ಕ್ಯಾಪ್‌ನದ್ದೂ ಇದೆ. ಎರಡೂ 1 ಮಿ.ಲೀ. ಒಂದು ಖಾಲಿಯಾದರೆ ಇನ್ನೊಂದರಲ್ಲಿ ಲೆಕ್ಕ ಹಾಕಿ ಕೊಡಬಹುದಾ? ಟಿಬಿ ಸಿರಿಂಜ್ (ಯೂನಿಟ್ ಬದಲು ಮಿ.ಲೀ. ಗೆರೆ ಇರುವ ಸಣ್ಣ ಸಿರಿಂಜ್) ಆದರೆ?

2. ರೆಗ್ಯುಲರ್ (ಬೇಗ ಕೆಲಸ ಮಾಡುವ ತಿಳಿ ಇನ್ಸುಲಿನ್) 8 ಯೂನಿಟ್, ಎನ್‌ಪಿಎಚ್ (ನಿಧಾನವಾಗಿ ಕೆಲಸ ಮಾಡುವ ಮಬ್ಬು ಇನ್ಸುಲಿನ್) 14 ಯೂನಿಟ್ ಒಂದೇ ಸಿರಿಂಜಿನಲ್ಲಿ ಕೊಡುವಾಗ "ತಿಳಿ ಮೊದಲು, ಮಬ್ಬು ಆಮೇಲೆ" ಅಂತ ಬಾಯಿಪಾಠ ಆಗಿದೆ. ಆದರೆ ಗಾಳಿ ಮಾತ್ರ ಮೊದಲು ಮಬ್ಬಿನ ವಯಲ್‌ಗೇ ಹಾಕಬೇಕಂತೆ. ಯಾಕೆ?

3. ಐಸಿಯು ಆರ್ಡರ್: 50 ಯೂನಿಟ್ ರೆಗ್ಯುಲರ್, ಎನ್‌ಎಸ್ (ನಾರ್ಮಲ್ ಸಲೈನ್) ಸೇರಿಸಿ ಒಟ್ಟು 50 ಮಿ.ಲೀ. ಪುಸ್ತಕದಲ್ಲಿ "0.5 ಮಿ.ಲೀ. ಇನ್ಸುಲಿನ್ ತೆಗೆದುಕೊಳ್ಳಿ" ಅಂತಿದೆ. ನಮ್ಮ ವಯಲ್‌ಗೂ ಅದೇ ಲೆಕ್ಕವಾ?

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸ್ಟೆಪ್ ಹೇಳಿದ ಮೇಲೆ "ಯಾಕೆ" ಅಂತಲೇ ಕೇಳ್ತಾರೆ. ಕಾರಣದ ಸಮೇತ ಹೇಳಿದರೆ ಉಪಕಾರ.

ವಾರ್ಡ್ ಇನ್‌ಚಾರ್ಜ್

ಮೊದಲನೆಯದಕ್ಕೆ ಉತ್ತರ: ಬೇಡ. 40ರ ವಯಲ್‌ಗೆ 40ರ ಸಿರಿಂಜ್, 100ರ ಇನ್ಸುಲಿನ್‌ಗೆ 100ರ ಸಿರಿಂಜ್. ಖಾಲಿಯಾಗಿದ್ದರೆ ಪಕ್ಕದ ವಾರ್ಡಿನಿಂದಲೋ ಸ್ಟೋರ್‌ನಿಂದಲೋ ತರಿಸಿ, ಎರಡೇ ನಿಮಿಷದ ಕೆಲಸ.

ಸಿರಿಂಜನ್ನು ಕೈಯಲ್ಲಿ ಹಿಡಿದು ನೋಡಿದರೆ ಕಾರಣ ಅಲ್ಲೇ ಇದೆ. ಕೆಂಪು ಕ್ಯಾಪ್‌ನದ್ದರಲ್ಲಿ 1 ಮಿ.ಲೀ. ಜಾಗವನ್ನು 40 ಭಾಗ ಮಾಡಿರುತ್ತಾರೆ, ಒಂದು ಗೆರೆ ಅಂದರೆ 1 ಯೂನಿಟ್. ಕಿತ್ತಳೆ ಕ್ಯಾಪ್‌ನದ್ದರಲ್ಲಿ ಅದೇ 1 ಮಿ.ಲೀ. ಮೇಲೆ 100ರವರೆಗೆ ಅಂಕಿ ಇರುತ್ತೆ, ಸಾಮಾನ್ಯವಾಗಿ ಒಂದು ಗೆರೆಗೆ 2 ಯೂನಿಟ್. ಅಂದರೆ ಸಿರಿಂಜಿನ ಮೇಲಿನ "20" ಒಂದು ಅಳತೆಯೇ ಅಲ್ಲ. ಕೆಂಪಿನಲ್ಲಿ ಅದು 0.5 ಮಿ.ಲೀ., ಕಿತ್ತಳೆಯಲ್ಲಿ 0.2 ಮಿ.ಲೀ.

ಈಗ ಅದಲುಬದಲು ಮಾಡಿ ನೋಡಿ.

40ರ ವಯಲ್‌ನಿಂದ ಕಿತ್ತಳೆ ಸಿರಿಂಜಿನಲ್ಲಿ "20"ರವರೆಗೆ ಎಳೆದರೆ ಬರುವುದು 0.2 ಮಿ.ಲೀ. 0.2 × 40 = 8 ಯೂನಿಟ್. ರೋಗಿಗೆ 20ರ ಬದಲು 8 ಹೋಯಿತು.

100ರ ಇನ್ಸುಲಿನ್ ಅನ್ನು ಕೆಂಪು ಸಿರಿಂಜಿನಲ್ಲಿ "20"ರವರೆಗೆ ಎಳೆದರೆ 0.5 ಮಿ.ಲೀ. 0.5 × 100 = 50 ಯೂನಿಟ್. ರೆಗ್ಯುಲರ್ ಆದರೆ ಎರಡು ಮೂರು ಗಂಟೆಯೊಳಗೆ ಬೆವರು, ನಡುಕ, ಫಿಟ್ಸ್, ಪ್ರಜ್ಞೆ ತಪ್ಪುವುದು. ಗ್ಲಾರ್ಜಿನ್ (ದಿನವಿಡೀ ಕೆಲಸ ಮಾಡುವ ಇನ್ಸುಲಿನ್) ಆದರೆ ರಾತ್ರಿಯಿಡೀ ಸಕ್ಕರೆ ಕೆಳಗೇ ಇರುತ್ತೆ, ಒಂದು ಸಲ ಡೆಕ್ಸ್‌ಟ್ರೋಸ್ ಕೊಟ್ಟರೂ ಮತ್ತೆ ಬೀಳುತ್ತೆ.

ಎರಡೂ ಕಡೆ ವ್ಯತ್ಯಾಸ ಎರಡೂವರೆ ಪಟ್ಟು. ಎರಡನೆಯದು ಆ ಹೊತ್ತಿಗೇ ಗೊತ್ತಾಗುತ್ತೆ. ಮೊದಲನೆಯದು ದಿನಗಟ್ಟಲೆ ಗೊತ್ತಾಗಲ್ಲ. "ಸಕ್ಕರೆ ಇಳೀತಿಲ್ಲ" ಅಂತ ರೌಂಡ್ಸ್‌ನಲ್ಲಿ ಡೋಸ್ ಏರಿಸುತ್ತಾ ಹೋಗ್ತಾರೆ. ನಾಳೆ ಯಾರೋ ಸರಿಯಾದ ಸಿರಿಂಜಿನಲ್ಲಿ ಆ ಏರಿಸಿದ ಡೋಸ್ ಪೂರ್ತಿ ಕೊಡ್ತಾರೆ.

ಕ್ಯಾಪ್‌ನ ಬಣ್ಣ ನೋಡಿ ನಿಲ್ಲಬೇಡಿ, ಕ್ಯಾಪ್ ತೆಗೆದ ಮೇಲೆ ಬಣ್ಣ ಕಸದ ಬುಟ್ಟಿಗೆ ಹೋಗಿರುತ್ತೆ. ಸಿರಿಂಜಿನ ಮೈಮೇಲೆ ಯು-40 ಅಥವಾ ಯು-100 ಅಂತ ಮುದ್ರಿಸಿರುತ್ತಾರೆ, ಅದನ್ನು ಓದಿ. ವಯಲ್ ಲೇಬಲ್ ಓದಿ, ಸಿರಿಂಜ್ ಓದಿ, ಎರಡೂ ಒಂದೇ ಆದ ಮೇಲೆ ಆರ್ಡರ್‌ನಲ್ಲಿ ಎಷ್ಟು ಯೂನಿಟ್ ಇದೆಯೋ ಆ ಅಂಕಿಯ ಗೆರೆಗೆ ಎಳೆಯಿರಿ. ಎರಡೂ ಹೊಂದಿದಾಗ ಲೆಕ್ಕವೇ ಇರುವುದಿಲ್ಲ. ಇನ್ಸುಲಿನ್ ಕೊಡುವಾಗ ಕ್ಯಾಲ್ಕ್ಯುಲೇಟರ್ ಬೇಕು ಅನ್ನಿಸಿದರೆ ಎಲ್ಲೋ ಏನೋ ಹೊಂದಿಲ್ಲ ಅಂತಲೇ ಅರ್ಥ.

ಫಾರ್ಮಸಿ ಕಡೆಯಿಂದ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸಬೇಕು. "ವಯಲ್ ಅಂದರೆ 40, ಪೆನ್ ಅಂದರೆ 100" ಅಂತ ಸ್ಟೂಡೆಂಟ್ಸ್ ನೆನಪಿಟ್ಟುಕೊಳ್ತಾರೆ. ಅರ್ಧ ಸರಿ. ನಮ್ಮಲ್ಲಿ ರೆಗ್ಯುಲರ್, ಎನ್‌ಪಿಎಚ್, 30/70 ಪ್ರಿಮಿಕ್ಸ್ (30% ರೆಗ್ಯುಲರ್, 70% ಎನ್‌ಪಿಎಚ್ ಮೊದಲೇ ಬೆರೆಸಿದ್ದು) ವಯಲ್‌ಗಳು ಹೆಚ್ಚಾಗಿ 40ರವು, 10 ಮಿ.ಲೀ. ವಯಲ್‌ನಲ್ಲಿ ಒಟ್ಟು 400 ಯೂನಿಟ್. ಆದರೆ ಗ್ಲಾರ್ಜಿನ್‌ನಂಥವು 100ರ ವಯಲ್‌ನಲ್ಲೂ ಬರುತ್ತವೆ. ಒಂದೇ ಫ್ರಿಜ್, ಒಂದೇ ಟ್ರೇ, ಒಂದೇ ಗಾತ್ರದ ಗಾಜಿನ ಬಾಟಲಿ. ಅಲ್ಲೇ ಕೈ ತಪ್ಪೋದು.

ಪೆನ್ ಕಾರ್ಟ್ರಿಡ್ಜ್ 3 ಮಿ.ಲೀ., 100ರದ್ದು, ಅಂದರೆ 300 ಯೂನಿಟ್. ಗ್ಲಾರ್ಜಿನ್ 300 ಯೂನಿಟ್/ಮಿ.ಲೀ. ಇರುವ ಪೆನ್ ಕೂಡ ಇದೆ. ಪೆನ್ ಸೂಜಿ ಮುಗಿಯಿತು ಅಂತ ಕಾರ್ಟ್ರಿಡ್ಜ್‌ಗೆ ಸಿರಿಂಜ್ ಚುಚ್ಚಿ ಎಳೆಯುವುದು ಯಾವ ಕಾರಣಕ್ಕೂ ಕೂಡದು. ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು, 300ರದ್ದಾಗಿದ್ದರೆ ಏಳೂವರೆ ಪಟ್ಟು. ಜೊತೆಗೆ ಕಾರ್ಟ್ರಿಡ್ಜ್‌ಗೆ ಗಾಳಿ ಸೇರಿ ಮುಂದಿನ ಡೋಸ್‌ಗಳೂ ಕೆಡುತ್ತವೆ. ಒಬ್ಬರ ಪೆನ್ ಇನ್ನೊಬ್ಬರಿಗೆ, ಸೂಜಿ ಬದಲಾಯಿಸಿದರೂ, ಇಲ್ಲ. ಚುಚ್ಚಿದಾಗ ರಕ್ತದ ಕಣ ಹಿಂದಕ್ಕೆ ಕಾರ್ಟ್ರಿಡ್ಜ್ ಒಳಗೆ ಹೋಗಬಹುದು.

ಟಿಬಿ ಸಿರಿಂಜ್ ಬಗ್ಗೆ: ಗಣಿತ ಸರಿಯಾಗೇ ಬರುತ್ತೆ. ಯೂನಿಟ್ ಭಾಗಿಸು ವಯಲ್‌ನ ಸಾಂದ್ರತೆ, 20 ÷ 40 = 0.5 ಮಿ.ಲೀ. ತೊಂದರೆ ಇರುವುದು ಸೂಜಿ ಕೂರುವ ಜಾಗದಲ್ಲಿ. ಇನ್ಸುಲಿನ್ ಸಿರಿಂಜಿಗೆ ಸೂಜಿ ಅಂಟಿಕೊಂಡೇ ಇರುತ್ತೆ, ಔಷಧಿ ಉಳಿಯುವ ಜಾಗ ಇಲ್ಲವೆನ್ನುವಷ್ಟು ಕಡಿಮೆ. ಟಿಬಿ ಸಿರಿಂಜಿನ ಹಬ್‌ನಲ್ಲಿ ಸ್ವಲ್ಪ ಔಷಧಿ ಸದಾ ನಿಲ್ಲುತ್ತೆ. ಎರಡು ಇನ್ಸುಲಿನ್ ಬೆರೆಸುವಾಗ ಇದು ಕೆಡಿಸುತ್ತೆ. ಮೊದಲು ಎಳೆದ ರೆಗ್ಯುಲರ್ ಹಬ್ ತುಂಬಿ ನಿಂತಿರುತ್ತೆ, ಅದು ಗೆರೆಯ ಲೆಕ್ಕಕ್ಕೆ ಸಿಕ್ಕಿರುವುದಿಲ್ಲ. ಎನ್‌ಪಿಎಚ್ ಎಳೆದಾಗ ಆ ರೆಗ್ಯುಲರ್ ಒಳಕ್ಕೆ ಬರುತ್ತೆ, ಹಬ್‌ನಲ್ಲಿ ಎನ್‌ಪಿಎಚ್ ಉಳಿಯುತ್ತೆ. ಒಟ್ಟು ಸರಿ ಕಾಣಿಸಿದರೂ ರೋಗಿಗೆ ರೆಗ್ಯುಲರ್ ಜಾಸ್ತಿ, ಎನ್‌ಪಿಎಚ್ ಕಡಿಮೆ. ಎಲ್ಲೂ ಇನ್ಸುಲಿನ್ ಸಿರಿಂಜ್ ಸಿಗದ ತುರ್ತಿನಲ್ಲಿ, ಒಂದೇ ಬಗೆಯ ಇನ್ಸುಲಿನ್, ಡಾಕ್ಟರಿಗೆ ತಿಳಿಸಿ, ಇನ್ನೊಬ್ಬರು ಲೆಕ್ಕ ನೋಡಿದ ಮೇಲೆ ಅಷ್ಟೇ.

ಎಂಎಸ್‌ಎನ್ ಟ್ಯೂಟರ್

ಎರಡನೇ ಪ್ರಶ್ನೆ ನಾನು ತಗೋತೀನಿ. 8 ರೆಗ್ಯುಲರ್, 14 ಎನ್‌ಪಿಎಚ್, ಒಟ್ಟು 22. ಎರಡೂ 40ರ ವಯಲ್, ಕೆಂಪು ಕ್ಯಾಪ್ ಸಿರಿಂಜ್.

ಮೊದಲು ಎನ್‌ಪಿಎಚ್ ವಯಲ್ ಅನ್ನು ಎರಡು ಅಂಗೈ ನಡುವೆ 10 ಸಲ ಉರುಳಿಸಿ, 10 ಸಲ ತಲೆಕೆಳಗು ಮಾಡಿ. ತಳದಲ್ಲಿ ಬಿಳಿ ಗಸಿ ಇರಬಾರದು, ಇಡೀ ದ್ರವ ಒಂದೇ ಸಮ ಹಾಲಿನಂತಿರಬೇಕು. ಕುಲುಕಬೇಡಿ, ನೊರೆ ಬಂದರೆ ಡೋಸ್ ಹಿಡಿಯಲ್ಲ. ಎಷ್ಟು ಉರುಳಿಸಿದರೂ ಗಂಟು ಗಂಟಾಗಿಯೇ ಇದ್ದರೆ ಅಥವಾ ಗಾಜಿನ ಗೋಡೆಗೆ ಹಿಮದಂತೆ ಅಂಟಿದ್ದರೆ ಆ ವಯಲ್ ಬೇಡ. ಎರಡೂ ರಬ್ಬರ್ ಬಿರಡೆಗಳನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ.

ಆಮೇಲೆ ಸಿರಿಂಜಿಗೆ 14 ಯೂನಿಟ್ ಗಾಳಿ ಎಳೆದು ನೆಟ್ಟಗಿಟ್ಟ ಎನ್‌ಪಿಎಚ್ ವಯಲ್‌ಗೆ ಬಿಡಿ, ಸೂಜಿ ದ್ರವಕ್ಕೆ ತಾಗಬಾರದು. ಏನೂ ಎಳೆಯದೆ ಹೊರತೆಗೆಯಿರಿ. ಈಗ 8 ಯೂನಿಟ್ ಗಾಳಿ ರೆಗ್ಯುಲರ್ ವಯಲ್‌ಗೆ, ಅಲ್ಲೇ ವಯಲ್ ತಿರುಗಿಸಿ 8 ಎಳೆಯಿರಿ. ಗುಳ್ಳೆ ಇದ್ದರೆ ತಟ್ಟಿ ಮೇಲಕ್ಕೆ ತಂದು ವಯಲ್‌ಗೇ ವಾಪಸ್ ಬಿಟ್ಟು ಮತ್ತೆ 8ಕ್ಕೆ ಸರಿ ಮಾಡಿ. ಸರಿ ಮಾಡಿಕೊಳ್ಳಲು ಅವಕಾಶ ಇರುವುದು ಇಲ್ಲಿ ಮಾತ್ರ. ಕೊನೆಗೆ ಎನ್‌ಪಿಎಚ್ ವಯಲ್‌ಗೆ ಚುಚ್ಚಿ, ತಿರುಗಿಸಿ, ಪ್ಲಂಜರ್ ಅನ್ನು ನಿಧಾನವಾಗಿ 22ಕ್ಕೆ ತನ್ನಿ. 23ಕ್ಕೆ ಹೋಯಿತೋ, ಹಿಂದಕ್ಕೆ ತಳ್ಳಬೇಡಿ. ಒಳಗಿರುವುದು ಆಗಲೇ ಬೆರೆತಿದೆ, ತಳ್ಳಿದರೆ ಯಾವುದು ಎಷ್ಟು ಹೋಯಿತು ಅಂತ ಯಾರೂ ಹೇಳಲಾರರು. ಪೂರ್ತಿ ಬಿಸಾಡಿ ಹೊಸ ಸಿರಿಂಜಿನಲ್ಲಿ ಮೊದಲಿಂದ.

ಗಾಳಿ ಯಾಕೆ: ವಯಲ್ ಮುಚ್ಚಿದ ಪಾತ್ರೆ. ಗಾಳಿ ಹಾಕದೆ ಎಳೆಯುತ್ತಾ ಹೋದರೆ ಒಳಗೆ ನಿರ್ವಾತ ಆಗಿ ಪ್ಲಂಜರ್ ಹಿಂದಕ್ಕೆ ಜಗ್ಗುತ್ತೆ, ಗುಳ್ಳೆ ಬರುತ್ತೆ. ಗಾಳಿ ಎನ್‌ಪಿಎಚ್‌ಗೆ ಮೊದಲು ಯಾಕೆ: ಕೊನೆಯಲ್ಲಿ ಎನ್‌ಪಿಎಚ್‌ಗೆ ಬರುವಾಗ ಸಿರಿಂಜಿನಲ್ಲಿ ರೆಗ್ಯುಲರ್ ಇರುತ್ತೆ. ಆಗ ಗಾಳಿ ಹಾಕಲು ಹೋದರೆ ರೆಗ್ಯುಲರ್ರೇ ವಯಲ್‌ಗೆ ಹೋಗುತ್ತೆ. ಅದಕ್ಕೇ ಗಾಳಿಯ ಕೆಲಸ ಖಾಲಿ ಸಿರಿಂಜ್ ಇರುವಾಗಲೇ ಮುಗಿಸೋದು.

ತಿಳಿ ಮೊದಲು ಯಾಕೆ: ಎನ್‌ಪಿಎಚ್‌ನಲ್ಲಿ ಪ್ರೊಟಮೀನ್ ಸೇರಿಸಿದ ಹರಳುಗಳಿರುತ್ತವೆ, ನಿಧಾನ ಹೀರಿಕೆಗೆ ಅದೇ ಕಾರಣ. ಮಬ್ಬು ತಾಗಿದ ಸೂಜಿ ರೆಗ್ಯುಲರ್ ವಯಲ್‌ಗೆ ಹೋದರೆ ಅದು ಅಲ್ಲಿ ಸೇರಿಕೊಳ್ಳುತ್ತೆ. ಈ ಒಬ್ಬ ರೋಗಿಯ ಡೋಸ್ ಕೆಟ್ಟರೆ ಮುಗಿಯಿತು ಅನ್ನುವ ಹಾಗಿಲ್ಲ. ಅದೇ ರೆಗ್ಯುಲರ್ ವಯಲ್‌ನಿಂದ ನಾಳೆ ಇನ್ನೊಬ್ಬರಿಗೆ ಐವಿ (ನೇರ ರಕ್ತನಾಳಕ್ಕೆ) ಹೋಗಬಹುದು. ಎನ್‌ಪಿಎಚ್ ಐವಿ ಕೊಡುವ ಔಷಧಿಯಲ್ಲ. ರೆಗ್ಯುಲರ್ ವಯಲ್ ಸ್ವಲ್ಪ ಮಸುಕಾಗಿ ಕಂಡರೂ ಬಿಸಾಡಿ. ವೈವಾದಲ್ಲಿ ಹೆಚ್ಚಿನವರು "ಕಲುಷಿತವಾಗುತ್ತದೆ" ಅಂದು ನಿಲ್ಲಿಸ್ತಾರೆ. ಯಾವುದು ಯಾವುದಕ್ಕೆ ಸೇರಿದರೆ ಅಪಾಯ, ಏನಾಗುತ್ತೆ ಅಂತ ಹೇಳಿದರೆ ಮುಂದಿನ ಪ್ರಶ್ನೆಯೇ ಬರಲ್ಲ.

ಗ್ಲಾರ್ಜಿನ್ ಅನ್ನು ಯಾವುದರ ಜೊತೆಗೂ ಬೆರೆಸಬೇಡಿ. ನೋಡಲು ತಿಳಿಯಾಗಿದ್ದರೂ ಅದು ಆಮ್ಲೀಯ, ಪಿಎಚ್ ಸುಮಾರು 4. ಚರ್ಮದ ಕೆಳಗೆ ಹೋಗಿ ಪಿಎಚ್ ಬದಲಾದಾಗ ಸಣ್ಣ ಕಣಗಳಾಗಿ ಕೂರುತ್ತೆ, ಅಲ್ಲಿಂದ ಸುಮಾರು 24 ಗಂಟೆ ನಿಧಾನವಾಗಿ ಇಳಿಯುತ್ತೆ. ಸಿರಿಂಜಿನಲ್ಲೇ ಬೆರೆಸಿದರೆ ಆ ವ್ಯವಸ್ಥೆಯೇ ಕೆಡುತ್ತೆ. ತಿಳಿಯಾಗಿ ಕಾಣುವುದೆಲ್ಲ ರೆಗ್ಯುಲರ್ ಅಲ್ಲ ಅನ್ನೋದಕ್ಕೂ ಇದೇ ಉದಾಹರಣೆ.

ಜಿಎನ್‌ಎಂ ಸೆಕೆಂಡ್ ಇಯರ್

ಮೇಡಂ, ತುಂಬಾ ಥ್ಯಾಂಕ್ಸ್. ಒಂದು ಸಣ್ಣ ಡೌಟ್: ಎರಡು ವಯಲ್ ಕಷ್ಟ ಯಾಕೆ, 30/70 ಪ್ರಿಮಿಕ್ಸ್ 22 ಯೂನಿಟ್ ಕೊಟ್ಟರೆ ಹೆಚ್ಚುಕಮ್ಮಿ ಅದೇ ಅಲ್ಲವಾ?

ಎಂಎಸ್‌ಎನ್ ಟ್ಯೂಟರ್

ಅಲ್ಲ. 22ರಲ್ಲಿ 30% ಅಂದರೆ 6.6 ರೆಗ್ಯುಲರ್, 15.4 ಎನ್‌ಪಿಎಚ್. ಹತ್ತಿರ ಇದೆ, ನಿಜ. ಆದರೆ ಡಾಕ್ಟರು 8 ಮತ್ತು 14 ಅಂತ ಬೇರೆ ಬೇರೆ ಬರೆದಿರುವುದೇ ನಾಳೆ ಒಂದನ್ನು ಮಾತ್ರ ಬದಲಾಯಿಸಲು. ಅದನ್ನು ನಾವು ಬದಲಿಸೋ ಹಾಗಿಲ್ಲ. 30/70 ಮತ್ತು 50/50 ಎರಡೂ ಮಬ್ಬು, ಹೆಸರೂ ಒಂದೇ ಥರ, ಕೊನೆಯ ಅಂಕಿ ಮಾತ್ರ ಬೇರೆ. ಆ ಅಂಕಿಯನ್ನು ಬಾಯಿಬಿಟ್ಟು ಓದಿ.

ಐಸಿಯು ನೈಟ್ ಡ್ಯೂಟಿ

ಮೂರನೆಯದು. ಪುಸ್ತಕದ 0.5 ಮಿ.ಲೀ. 100ರ ವಯಲ್ ಲೆಕ್ಕ. 40ರ ವಯಲ್ ಆದರೆ 50 ÷ 40 = 1.25 ಮಿ.ಲೀ. ಇನ್ಸುಲಿನ್, 48.75 ಮಿ.ಲೀ. ಎನ್‌ಎಸ್. ಆಗ 1 ಮಿ.ಲೀ.ಗೆ 1 ಯೂನಿಟ್. ಕೆಂಪು ಸಿರಿಂಜಿನಲ್ಲಿ ಒಂದು ಪೂರ್ತಿ 40, ಇನ್ನೊಮ್ಮೆ 10 ಎಳೆಯಿರಿ. 2 ಮಿ.ಲೀ. ಸಿರಿಂಜಿನಲ್ಲಿ 1.25 ಅಂತ ಅಂದಾಜು ಮಾಡಬೇಡಿ, ಅದರ ಗೆರೆಗಳು ಅಷ್ಟು ಸಣ್ಣ ಅಳತೆಗೆ ಮಾಡಿದವಲ್ಲ.

ಪುಸ್ತಕ ನೋಡಿಕೊಂಡು 40ರ ವಯಲ್‌ನಿಂದ 0.5 ತೆಗೆದರೆ ಏನಾಗುತ್ತೆ ನೋಡಿ. ಸಿರಿಂಜಿನಲ್ಲಿರೋದು 20 ಯೂನಿಟ್, ಮಿ.ಲೀ.ಗೆ 0.4. 60 ಕೆ.ಜಿ.ಯ ಡಿಕೆಎ (ಇನ್ಸುಲಿನ್ ಕೊರತೆಯಿಂದ ರಕ್ತದಲ್ಲಿ ಕೀಟೋನ್ ಆಮ್ಲ ಏರಿದ) ರೋಗಿ, ಆರ್ಡರ್ ಗಂಟೆಗೆ ಕೆ.ಜಿ.ಗೆ 0.1 ಯೂನಿಟ್, ಅಂದರೆ 6 ಯೂನಿಟ್. ಪಂಪ್ 6 ಮಿ.ಲೀ. ತೋರಿಸುತ್ತೆ, ಹೋಗ್ತಿರೋದು 2.4 ಯೂನಿಟ್. ಸಕ್ಕರೆ ಇಳಿಯಲ್ಲ, ರೇಟ್ 12ಕ್ಕೆ ಏರುತ್ತೆ, ಆಗಲೂ ಹೋಗ್ತಿರೋದು 4.8 ಮಾತ್ರ. ಮುಂದಿನ ಶಿಫ್ಟ್‌ನವರು ಸರಿಯಾಗಿ 50 ಯೂನಿಟ್ ಹಾಕಿ ಹೊಸ ಸಿರಿಂಜ್ ಲೋಡ್ ಮಾಡ್ತಾರೆ, ರೇಟ್ 12 ಹಾಗೇ ಇರುತ್ತೆ. ಒಮ್ಮೆಲೇ ಗಂಟೆಗೆ 12 ಯೂನಿಟ್. ಸಕ್ಕರೆಯೂ ಪೊಟ್ಯಾಸಿಯಂ ಕೂಡ ದಡಬಡ ಬೀಳುತ್ತವೆ. ಸಿರಿಂಜ್ ಸರಿಯಾಗಿ ಲೋಡ್ ಮಾಡಿದವರೇ ಆರೋಪಿಯಾಗ್ತಾರೆ ಅನ್ನೋದು ಬೇರೆ ಮಾತು.

ಹಾಗಾಗಿ ಪಂಪ್ ಸಿರಿಂಜಿನ ಲೇಬಲ್ ಮೇಲೆ "50 ಯೂನಿಟ್ ರೆಗ್ಯುಲರ್ (1.25 ಮಿ.ಲೀ., 40ರ ವಯಲ್) + 48.75 ಎನ್‌ಎಸ್ = 1 ಯೂನಿಟ್/ಮಿ.ಲೀ." ಅಂತ ಪೂರ್ತಿ ಬರೆಯಿರಿ. ತಾರೀಖು, ಗಂಟೆ, ಇಬ್ಬರ ಸಹಿ. ಬರೀ "ಇನ್ಸುಲಿನ್" ಅಂತ ಬರೆದ ಲೇಬಲ್‌ನಿಂದ ಮುಂದಿನವರಿಗೆ ಏನೂ ಗೊತ್ತಾಗಲ್ಲ.

ಇನ್ನೊಂದು, ಇನ್ಸುಲಿನ್ ಪ್ಲಾಸ್ಟಿಕ್ ಟ್ಯೂಬಿಗೆ ಅಂಟುತ್ತೆ. ಹೊಸ ಲೈನ್ ಹಾಕಿದಾಗ ತಯಾರಿಸಿದ ದ್ರಾವಣ ಸುಮಾರು 20 ಮಿ.ಲೀ. ಹರಿಸಿ ಬಿಟ್ಟು ಆಮೇಲೆ ರೋಗಿಗೆ ಜೋಡಿಸುವ ಪದ್ಧತಿ ಇರುವುದು ಅದಕ್ಕೆ. ನಿಮ್ಮಲ್ಲಿನ ಪ್ರೋಟೋಕಾಲ್ ನೋಡಿಕೊಳ್ಳಿ.

ಶುರು ಮಾಡುವ ಮುನ್ನ ಪೊಟ್ಯಾಸಿಯಂ ರಿಪೋರ್ಟ್ ಕೇಳಿ. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಕ್ಕೆ ತಳ್ಳುತ್ತೆ. 3.3ಕ್ಕಿಂತ ಕಡಿಮೆ ಇದ್ದರೆ ಮೊದಲು ಪೊಟ್ಯಾಸಿಯಂ, ಆಮೇಲೆ ಇನ್ಸುಲಿನ್ ಅನ್ನುವುದು ಹಳೆಯ ಮಿತಿ, 2024ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಅದು 3.5. ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) 10 ಮಿ.ಲೀ. ಆಂಪೂಲ್‌ನಲ್ಲಿ 150 ಮಿ.ಗ್ರಾಂ/ಮಿ.ಲೀ. ಅಂತಿದ್ದರೆ ಒಟ್ಟು 20 ಎಂಇಕ್ಯು (ಮಿಲಿಈಕ್ವಿವಲೆಂಟ್, ಪೊಟ್ಯಾಸಿಯಂ ಅಳೆಯುವ ಮಾನ). ಅದನ್ನು ನೇರ ಪುಶ್ ಕೊಟ್ಟರೆ ಹೃದಯ ನಿಲ್ಲುತ್ತೆ. 500 ಮಿ.ಲೀ. ಎನ್‌ಎಸ್‌ಗೆ ಒಂದು ಆಂಪೂಲ್ ಹಾಕಿದರೆ ಲೀಟರಿಗೆ 40 ಎಂಇಕ್ಯು, ಕೈಯ ಸಣ್ಣ ರಕ್ತನಾಳಕ್ಕೆ ಸಾಮಾನ್ಯವಾಗಿ ಅದೇ ಮಿತಿ, ವೇಗ ಗಂಟೆಗೆ 10 ಎಂಇಕ್ಯು. ತೂಗುಹಾಕಿದ ಬಾಟಲಿಗೆ ಕೆಳಗಿಂದ ಚುಚ್ಚಿ ಸೇರಿಸಬೇಡಿ. ಕೆಸಿಎಲ್ ಭಾರ, ತಳದಲ್ಲೇ ಕೂತು ಮೊದಲ ಕೆಲವು ಮಿ.ಲೀ.ಗಳಲ್ಲೇ ಗಟ್ಟಿಯಾಗಿ ಹೋಗುತ್ತೆ. ಬಾಟಲಿ ಇಳಿಸಿ, ಹಾಕಿ, ಹತ್ತು ಸಲವಾದರೂ ಮೇಲೆ ಕೆಳಗೆ ಮಾಡಿ, ಆಮೇಲೆ ತೂಗುಹಾಕಿ.

ಇದಕ್ಕೆ ತದ್ವಿರುದ್ಧ ಕಿಡ್ನಿ ವಾರ್ಡಿನಲ್ಲಿ ಬರುತ್ತೆ: ಪೊಟ್ಯಾಸಿಯಂ ಜಾಸ್ತಿ ಇದ್ದಾಗ 10 ಯೂನಿಟ್ ರೆಗ್ಯುಲರ್ ಐವಿ, ಜೊತೆಗೆ 25% ಡೆಕ್ಸ್‌ಟ್ರೋಸ್ 100 ಮಿ.ಲೀ., ಅಂದರೆ 25 ಗ್ರಾಂ ಗ್ಲೂಕೋಸ್. 40ರ ವಯಲ್‌ನಲ್ಲಿ 10 ಯೂನಿಟ್ ಅಂದರೆ ಕಾಲು ಮಿ.ಲೀ. ಅಷ್ಟೇ. ಅವಸರದಲ್ಲಿ 2 ಮಿ.ಲೀ. ಸಿರಿಂಜ್ ಹಿಡಿದು "1 ಮಿ.ಲೀ. = 10 ಯೂನಿಟ್" ಅಂದುಕೊಂಡರೆ 40 ಯೂನಿಟ್ ಹೋಗುತ್ತೆ. ಕಿಡ್ನಿ ಕೆಲಸ ಮಾಡದವರಲ್ಲಿ ಇನ್ಸುಲಿನ್ ಬೇಗ ಹೊರಹೋಗಲ್ಲ, ಡೆಕ್ಸ್‌ಟ್ರೋಸ್ ಮುಗಿದ ಮೇಲೂ ಅದರ ಕೆಲಸ ನಡೀತಿರುತ್ತೆ. ಗಂಟೆಗೊಮ್ಮೆ ಜಿಆರ್‌ಬಿಎಸ್ (ಬೆರಳ ರಕ್ತದ ಸಕ್ಕರೆ ಪರೀಕ್ಷೆ), 6 ಗಂಟೆ ತನಕ ನಿಲ್ಲಿಸಬೇಡಿ.

ಇನ್ಫ್ಯೂಷನ್ ನಿಲ್ಲಿಸುವಾಗಲೂ ಜೋಪಾನ. ಐವಿ ಇನ್ಸುಲಿನ್ ಆಯಸ್ಸು ಕೆಲವೇ ನಿಮಿಷ. ಚರ್ಮದಡಿ ಕೊಡುವ ಬೇಸಲ್ (ದೀರ್ಘಕಾಲ ಕೆಲಸ ಮಾಡುವ) ಡೋಸ್ ಕೊಟ್ಟು 1-2 ಗಂಟೆ ಆದ ಮೇಲೇ ಪಂಪ್ ಆಫ್ ಮಾಡಬೇಕು, ಇಲ್ಲದಿದ್ದರೆ ಕೀಟೋನ್ ಮತ್ತೆ ಏರುತ್ತೆ.

ವಾರ್ಡ್ ಇನ್‌ಚಾರ್ಜ್

"ಇಬ್ಬರ ಸಹಿ" ಬಗ್ಗೆ ಒಂದು ತಕರಾರು. ಕಾಗದದ ಮೇಲೆ ಎಲ್ಲ ಕಡೆ ಇದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ವಾರ್ಡುಗಳಲ್ಲಿ ಬೆಳಿಗ್ಗೆ ಬಂದವರು ಕಣ್ಣುಮುಚ್ಚಿ ಸಹಿ ಹಾಕ್ತಾರೆ. ಆ ಸಹಿಗೆ ಬೆಲೆ ಇಲ್ಲ.

ಐಸಿಯು ನೈಟ್ ಡ್ಯೂಟಿ

ಒಪ್ತೀನಿ. ಸಹಿಗಿಂತ ಕೇಳುವ ರೀತಿ ಮುಖ್ಯ. "20 ಇದೆ ಅಲ್ವಾ ಸಿಸ್ಟರ್?" ಅಂದರೆ ಎಲ್ಲರೂ ಹೂಂ ಅಂತಾರೆ. ವಯಲ್, ಎಳೆದ ಸಿರಿಂಜ್, ಆರ್ಡರ್ ಮೂರನ್ನೂ ಎದುರಿಗಿಟ್ಟು "ಇದರಲ್ಲಿ ಏನು, ಎಷ್ಟು ಇದೆ ಹೇಳಿ" ಅಂತ ಕೇಳಿ. ಅವರೇ ಓದಿ ಹೇಳಿದ ಅಂಕಿ ಆರ್ಡರಿಗೆ ಹೊಂದಬೇಕು. ಒಬ್ಬರೇ ಇದ್ದರೆ ಡ್ಯೂಟಿ ಡಾಕ್ಟರನ್ನೋ ಪಕ್ಕದ ವಾರ್ಡಿನವರನ್ನೋ ಕರೆಯುವುದು, ಐವಿ ಇನ್ಸುಲಿನ್ ಮತ್ತು ಕೆಸಿಎಲ್‌ಗಾದರೂ.

ಆರ್ಡರ್ ಬರಹದಲ್ಲೂ ಒಂದು ಹಳ್ಳ ಇದೆ. ಯೂನಿಟ್ ಅನ್ನು "ಯು" ಅಂತ ಒಂದೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅವಸರದ ಕೈಬರಹದಲ್ಲಿ ಅದು ಸೊನ್ನೆಯಂತೆ ಕಾಣುತ್ತೆ, 10 ಹೋಗಿ 100 ಆಗುತ್ತೆ. ಕಾರ್ಡೆಕ್ಸ್‌ಗೆ (ವಾರ್ಡಿನಲ್ಲಿ ರೋಗಿಯ ಆರ್ಡರ್ ಬರೆದಿಡುವ ಕಾರ್ಡಿಗೆ) ಇಳಿಸುವಾಗ ಪೂರ್ತಿ "ಯೂನಿಟ್" ಅಂತ ಬರೆಯಿರಿ, 5.0 ಅಂತ ಬರೆಯದೆ 5 ಅಂತ ಬರೆಯಿರಿ. ಅನುಮಾನ ಬಂದರೆ ಬರೆದವರನ್ನೇ ಕೇಳಿ, ಪಕ್ಕದವರನ್ನಲ್ಲ.

ಡಯಾಬಿಟಿಸ್ ಎಜುಕೇಟರ್

ಎಳೆಯುವುದು ಸರಿಯಾಗಿ, ಚುಚ್ಚುವುದು ತಪ್ಪಾದರೂ ಡೋಸ್ ಕೆಡುತ್ತೆ. ಸ್ವಲ್ಪ ಅದನ್ನೂ ನೋಡೋಣ.

ಹೊಟ್ಟೆಯಲ್ಲಿ ಹೊಕ್ಕುಳಿಂದ ಎರಡು ಬೆರಳು ಬಿಟ್ಟು. ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಚರ್ಮ, ಕೊಬ್ಬು ಮಾತ್ರ ಮೇಲೆತ್ತಿ ಹಿಡಿಯಿರಿ, ಮುಷ್ಟಿಯಲ್ಲಿ ಹಿಡಿದರೆ ಸ್ನಾಯುವೂ ಸೇರಿ ಬರುತ್ತೆ. 6 ಮಿ.ಮೀ. ಸೂಜಿ ನೆಟ್ಟಗೆ. ತೀರಾ ಸಣಕಲು ರೋಗಿಗೆ, ಉದ್ದ ಸೂಜಿಗೆ ಓರೆ. ಸೂಜಿ ಸ್ನಾಯುವಿಗೆ ಹೋದರೆ ಇನ್ಸುಲಿನ್ ಬೇಗ ಹೀರಿಕೊಂಡು ಸಕ್ಕರೆ ಅನಿರೀಕ್ಷಿತವಾಗಿ ಬೀಳುತ್ತೆ. ರಕ್ತ ಬರುತ್ತಾ ಅಂತ ಹಿಂದಕ್ಕೆ ಎಳೆದು ನೋಡುವ ಅಗತ್ಯ ಇಲ್ಲ. ಪೆನ್ ಆದರೆ ಪ್ರತಿ ಸಲ 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುವುದನ್ನು ನೋಡಿ, ಚುಚ್ಚಿ ಒತ್ತಿದ ಮೇಲೆ 10 ಎಣಿಸಿ ಸೂಜಿ ತೆಗೆಯಿರಿ. ಎಣಿಸದೆ ತೆಗೆದರೆ ಚರ್ಮದ ಮೇಲೆ ಹನಿ ನಿಂತಿರುತ್ತೆ, ಅದು ಡೋಸ್‌ನಲ್ಲಿ ಕಡಿಮೆಯಾದದ್ದೇ. ಆಮೇಲೆ ಉಜ್ಜಬೇಡಿ.

ಮುಂದಿನ ಸಲ ಕನಿಷ್ಠ 1 ಸೆಂ.ಮೀ. ದೂರ. ಒಂದೇ ಜಾಗಕ್ಕೆ ಚುಚ್ಚಿದವರ ಹೊಟ್ಟೆಯ ಮೇಲೆ ಬೆರಳು ಆಡಿಸಿದರೆ ರಬ್ಬರ್‌ನಂಥ ಗಂಟು ಸಿಗುತ್ತೆ. ಅಲ್ಲಿ ನೋವಾಗಲ್ಲ, ಅದಕ್ಕೇ ರೋಗಿಗೆ ಆ ಜಾಗ ಇಷ್ಟ. ಆದರೆ ಅಲ್ಲಿಂದ ಇನ್ಸುಲಿನ್ ಒಂದು ದಿನ ಹೋಗುತ್ತೆ, ಒಂದು ದಿನ ಹೋಗಲ್ಲ. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಬದಲಾಯಿಸಿದ ದಿನ ಅದೇ ಡೋಸ್ ಹೆಚ್ಚಾಗಬಹುದು, ಡಾಕ್ಟರಿಗೆ ಹೇಳಿಯೇ ಬದಲಾಯಿಸಿ.

ರೆಗ್ಯುಲರ್ ಊಟಕ್ಕೆ ಅರ್ಧ ಗಂಟೆ ಮುಂಚೆ, ಯಾಕಂದರೆ ಅದರ ಕೆಲಸ ಶುರುವಾಗುವುದೇ ಸುಮಾರು 30 ನಿಮಿಷಕ್ಕೆ, 2-4 ಗಂಟೆಗೆ ಉತ್ತುಂಗ. ಆಸ್ಪರ್ಟ್, ಲಿಸ್ಪ್ರೋ (ಇನ್ನೂ ಬೇಗ ಕೆಲಸ ಮಾಡುವ ಇನ್ಸುಲಿನ್‌ಗಳು) ಆದರೆ ತಟ್ಟೆ ಎದುರಿಗೆ ಬಂದ ಮೇಲೆ. ವಾರ್ಡಿನಲ್ಲಿ ಗಡಿಯಾರ ನೋಡಿ ಕೊಡಬೇಡಿ, ಊಟದ ಟ್ರಾಲಿ ಎಲ್ಲಿದೆ ನೋಡಿ ಕೊಡಿ. ರೋಗಿ ಎನ್‌ಪಿಒ (ಬಾಯಿಗೆ ಏನೂ ಕೊಡಬಾರದು ಅನ್ನುವ ಆರ್ಡರ್) ಇದ್ದರೆ ರೆಗ್ಯುಲರ್ ತಡೆದು ಡಾಕ್ಟರಿಗೆ ತಿಳಿಸಿ. ಬೇಸಲ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ಟೈಪ್ 1 ಆದರಂತೂ ಬೇಡವೇ ಬೇಡ, ಊಟ ಇಲ್ಲದಿದ್ದರೂ ಅವರಿಗೆ ಅದು ಬೇಕು.

ಜಿಆರ್‌ಬಿಎಸ್ 70ಕ್ಕಿಂತ ಕಡಿಮೆ, ರೋಗಿ ಎಚ್ಚರ ಇದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ ನೀರಲ್ಲಿ ಕದಡಿ, 15 ನಿಮಿಷಕ್ಕೆ ಮತ್ತೆ ನೋಡಿ. ಸಕ್ಕರೆಯೂ ಆದೀತು, ಆದರೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತಗೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ನೆಚ್ಚಬೇಡಿ. ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತೆ. ಅವರಿಗೆ ಗ್ಲೂಕೋಸೇ ಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಆರ್ಡರ್ ಪ್ರಕಾರ 25% ಡೆಕ್ಸ್‌ಟ್ರೋಸ್ 100 ಮಿ.ಲೀ. ಐವಿ, ಲೈನ್ ಸಿಗದಿದ್ದರೆ ಗ್ಲುಕಗಾನ್ 1 ಮಿ.ಗ್ರಾಂ ಐಎಂ (ಸ್ನಾಯುವಿಗೆ). ಬೀಟಾ ಬ್ಲಾಕರ್ (ಬಿಪಿ, ಹೃದಯದ ಔಷಧಿ) ಮೇಲಿರುವವರಲ್ಲಿ ನಡುಕ, ಎದೆಬಡಿತ ಕಾಣದಿರಬಹುದು, ಬೆವರು ಮಾತ್ರ ಕಾಣುತ್ತೆ.

ಬಳಸಿದ ಇನ್ಸುಲಿನ್ ಸಿರಿಂಜಿಗೆ ಕ್ಯಾಪ್ ಹಾಕಬೇಡಿ. ಸೂಜಿ ಅಂಟಿಕೊಂಡಿರುವುದರಿಂದ ಪೂರ್ತಿ ಸಿರಿಂಜೇ ಬಿಳಿ ಪಂಕ್ಚರ್ ಪ್ರೂಫ್ ಡಬ್ಬಿಗೆ. 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಲ್ಲೂ ಹಾಗೇ ಇದೆ.

ಫಾರ್ಮಸಿ ಕಡೆಯಿಂದ

ಶೇಖರಣೆ ಬಿಟ್ಟುಹೋಯಿತು. ತೆರೆಯದ ವಯಲ್ 2-8 ಡಿಗ್ರಿಯಲ್ಲಿ, ಫ್ರೀಜರ್‌ನಲ್ಲಿ ಅಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಬಿಸಾಡಿ. ತೆರೆದ ದಿನಾಂಕ ವಯಲ್ ಮೇಲೆ ಬರೆಯಿರಿ, ಹೆಚ್ಚಿನವಕ್ಕೆ ಅಲ್ಲಿಂದ 28 ದಿನ, ಕೆಲವಕ್ಕೆ ಬೇರೆ ಇರುತ್ತೆ, ಲೇಬಲ್ ನೋಡಿ. ಮನೆಯಲ್ಲಿ ಫ್ರಿಜ್ ಇಲ್ಲದವರಿಗೆ, ರಾಯಚೂರು ಕಲಬುರಗಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವಲ್ಲಿ, ಮಣ್ಣಿನ ಮಡಕೆ ಹೇಳಿಕೊಡಿ. ದೊಡ್ಡ ಮಡಕೆಯಲ್ಲಿ ನೀರು, ಅದರೊಳಗೆ ಸಣ್ಣ ಮಡಕೆ, ವಯಲ್ ಪ್ಲಾಸ್ಟಿಕ್ ಚೀಲದಲ್ಲಿ ಒಣಗಿರಬೇಕು, ನೆರಳು, ಗಾಳಿ ಆಡುವ ಜಾಗ.

ಜಿಎನ್‌ಎಂ ಸೆಕೆಂಡ್ ಇಯರ್

ಎಲ್ಲರಿಗೂ ಧನ್ಯವಾದ. ಡಿಸ್ಚಾರ್ಜ್ ಟೀಚಿಂಗ್‌ಗೆ ಒಂದು ಕೇಸ್ ಕೊಟ್ಟಿದ್ದಾರೆ: 30/70 ಪ್ರಿಮಿಕ್ಸ್, 40ರ ವಯಲ್, ಬೆಳಿಗ್ಗೆ 24, ರಾತ್ರಿ 16 ಯೂನಿಟ್. ಕೆಂಪು ಸಿರಿಂಜ್, ಬೆಳಿಗ್ಗೆ 24ನೇ ಗೆರೆ, ರಾತ್ರಿ 16ನೇ ಗೆರೆ. ತಿಂಗಳಿಗೆ ಎಷ್ಟು ವಯಲ್ ಬೇಕು ಅಂತಲೂ ಹೇಳಬೇಕಾ?

ಡಯಾಬಿಟಿಸ್ ಎಜುಕೇಟರ್

ಖಂಡಿತ ಹೇಳಿ. ದಿನಕ್ಕೆ 40 ಯೂನಿಟ್, ವಯಲ್‌ನಲ್ಲಿ 400. ಒಂದು ವಯಲ್ 10 ದಿನ, ತಿಂಗಳಿಗೆ 3. ಮೆಡಿಕಲ್ ಶಾಪ್‌ನಲ್ಲಿ ಬರೀ "ಇನ್ಸುಲಿನ್ ಸಿರಿಂಜ್ ಕೊಡಿ" ಅಂದರೆ ಯಾವುದಾದರೂ ಕೊಡಬಹುದು, ಹಾಗಾಗಿ ಖಾಲಿ ವಯಲ್ ಮತ್ತು ಹಳೆಯ ಸಿರಿಂಜಿನ ಪ್ಯಾಕೆಟ್ ಜೊತೆಗೆ ಒಯ್ಯಲು ಹೇಳಿ. ನಿಮ್ಮೆದುರಿಗೇ ಒಮ್ಮೆ ಅವರ ಕೈಯಲ್ಲೇ 24 ಎಳೆಸಿ, ರಾತ್ರಿ ಚುಚ್ಚುವುದು ಮಗಳೋ ಸೊಸೆಯೋ ಆದರೆ ಅವರ ಕೈಯಲ್ಲೂ.

ಫಾಲೋಅಪ್‌ಗೆ ಬಂದಾಗ ಸಕ್ಕರೆ 300 ಇದ್ದರೆ, ಡೋಸ್ ಏರಿಸುವ ಮಾತು ಬರುವ ಮೊದಲು, ಒಂದು ವಯಲ್ ಎಷ್ಟು ದಿನ ಬಂತು ಅಂತ ಕೇಳಿ. "25 ದಿನ ಬಂತು ಸಿಸ್ಟರ್" ಅಂದರೆ ಚೀಲದಲ್ಲಿ ಕಿತ್ತಳೆ ಕ್ಯಾಪ್‌ನ ಸಿರಿಂಜ್ ಇದೆಯಾ ನೋಡಿ. ಅದರಲ್ಲಿ 24 ಮತ್ತು 16ರ ಗೆರೆಗೆ ಎಳೆದರೆ ದಿನಕ್ಕೆ ಹೋಗುವುದು 16 ಯೂನಿಟ್, 400 ÷ 16 = 25.